ಆಕಾಶದಲ್ಲಿ ಅಲ್ಲಾಡದ ಹದ್ದು: ಕ್ಯಾಮೆರಾ ಸೆನ್ಸರ್ ಧೂಳು ತೆಗೆಯುವುದು ಹೇಗೆ?

ಹಂಪಿಯ ಮಾತಂಗ ಬೆಟ್ಟ ಹತ್ತಿ ಸೂರ್ಯೋದಯದ ಫೋಟೊ ತೆಗೆದಿದ್ದೆ. ಮನೆಗೆ ಬಂದು ತೋರಿಸಿದರೆ ಅಕ್ಕನ ಮಗಳು ಆಕಾಶದ ಮೂಲೆಗೆ ಬೆರಳಿಟ್ಟು, ‘ಮಾಮ, ಇದು ಹದ್ದಾ?’ ಅಂದಳು. ಮುಂದಿನ ಫೋಟೊದಲ್ಲೂ ಅದೇ ಹದ್ದು, ಅದೇ ಜಾಗ. ಅದರ ಮುಂದಿನದರಲ್ಲೂ! ಸೆನ್ಸರ್ ಮೇಲೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್ ಮೇಲೆ, ಧೂಳು ಕೂತಿತ್ತು.

ಇಂಥ ಚುಕ್ಕೆ ಕಂಡ ಕೂಡಲೇ ಬಟ್ಟೆ ಹಿಡಿದು ಒರೆಸಲು ಹೋಗಬೇಡಿ. ಮೊದಲು ಧೂಳು ಎಲ್ಲಿದೆ ನೋಡಿಕೊಳ್ಳಿ. ಲೆನ್ಸ್ ಬದಲಿಸಿದ ಮೇಲೂ ಚುಕ್ಕೆ ಅಲ್ಲೇ ಇದ್ದರೆ ಅದು ಸೆನ್ಸರ್‌ನದ್ದು. ಡಿಎಸ್ಎಲ್ಆರ್‌ನ (ಒಳಗೆ ಕನ್ನಡಿ ಇರುವ ಕ್ಯಾಮೆರಾದ) ವ್ಯೂಫೈಂಡರ್‌ನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಮಾತ್ರ ಕಾಣುವ ಕಸ ಫೋಟೊಗೆ ಬರುವುದಿಲ್ಲ, ಅದರ ಗೊಡವೆ ಬೇಡ.

ಪರೀಕ್ಷೆ ಸುಲಭ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ) ಎಫ್/22, ಅಂದರೆ ತೀರಾ ಸಣ್ಣದು. ಫೋಕಸ್ ಮ್ಯಾನ್ಯುವಲ್‌ಗೆ ಹಾಕಿ, ಬೇಕೆಂದೇ ಮಸುಕು ಮಾಡಿ. ಬಿಳಿ ಗೋಡೆಯ ಫೋಟೊ ತೆಗೆಯಿರಿ. ಶಟರ್ (ಸೆನ್ಸರ್ ಮುಂದಿನ ಪರದೆ) ತೆರೆದಿರುವಾಗ ಕ್ಯಾಮೆರಾವನ್ನು ಸ್ವಲ್ಪ ಅಲ್ಲಾಡಿಸಿ. ಗೋಡೆಯ ಕಲೆಗಳು ಕದಡಿ ಹೋಗುತ್ತವೆ, ಧೂಳಿನ ಚುಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಎಫ್/22 ಯಾಕೆ ಅಂದರೆ, ಟ್ಯೂಬ್‌ಲೈಟ್ ಕೆಳಗೆ ಬೆರಳಿನ ನೆರಳು ಮಸುಕು, ಸಣ್ಣ ಟಾರ್ಚ್ ಬೆಳಕಿಗೆ ಅದೇ ನೆರಳು ಕಪ್ಪು, ಅಲ್ವಾ? ಇಲ್ಲೂ ಹಾಗೇ. ಎಫ್/2.8ರಲ್ಲಿ ಕಿಂಡಿ ದೊಡ್ಡದು, ಬೆಳಕು ಅಗಲವಾಗಿ ಬರುವುದರಿಂದ ಧೂಳಿನ ನೆರಳು ಕರಗಿಹೋಗುತ್ತದೆ. ಮದುವೆ ಮನೆಯಲ್ಲಿ ಇಡೀ ದಿನ ಎಫ್/2.8ರಲ್ಲೇ ತೆಗೆಯುವವರಿಗೆ ತಮ್ಮ ಸೆನ್ಸರ್ ಎಷ್ಟು ಕೊಳೆಯಾಗಿದೆ ಅನ್ನುವುದೇ ಗೊತ್ತಿರುವುದಿಲ್ಲ.

ಇನ್ನೊಂದು ಗುಟ್ಟು. ಸೆನ್ಸರ್ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಫೋಟೊದ ಮೇಲಿನ ಎಡ ಮೂಲೆಯಲ್ಲಿ ಚುಕ್ಕೆ ಇದ್ದರೆ, ಲೆನ್ಸ್ ತೆಗೆದು ಮುಂದಿನಿಂದ ನೋಡಿದಾಗ ಧೂಳು ಇರುವುದು ಕೆಳಗಿನ ಎಡ ಮೂಲೆಯಲ್ಲಿ.

ಈಗ ಕ್ಯಾಮೆರಾ ತಾನೇ ಏನು ಮಾಡಬಲ್ಲದೋ ಮಾಡಲಿ. ಸೆನ್ಸರ್ ಮುಂದಿನ ಗಾಜನ್ನು ಅದುರಿಸಿ ಧೂಳು ಉದುರಿಸುವ ಏರ್ಪಾಡು 2003ರ ಒಲಿಂಪಸ್ ಇ-1ರಲ್ಲೇ ಇತ್ತು. ಈಗ ಬಹುತೇಕ ಕ್ಯಾಮೆರಾಗಳಲ್ಲಿದೆ. ಕ್ಯಾಮೆರಾವನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು, ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಎರಡು ಮೂರು ಸಲ ಒತ್ತಿ.

ಹೋಗಲಿಲ್ಲವೇ? ಹಾಗಾದರೆ ರಬ್ಬರಿನ ಬ್ಲೋವರ್. ಫ್ಯಾನ್ ಆರಿಸಿ. ಆಗಷ್ಟೇ ಕಸ ಗುಡಿಸಿದ ಕೋಣೆ ಬೇಡ, ಊದುಬತ್ತಿ ಹಚ್ಚಿದ ಕೋಣೆಯಂತೂ ಬೇಡವೇ ಬೇಡ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಡಿಎಸ್ಎಲ್ಆರ್‌ನಲ್ಲಿ ಕ್ಲೀನಿಂಗ್ ಮೋಡ್ ಹಾಕಿದರೆ ಕನ್ನಡಿ ಮೇಲೇಳುತ್ತದೆ. ನಡುವೆ ಬ್ಯಾಟರಿ ಸತ್ತರೆ ಅದು ನಿಮ್ಮ ಕೈಯಲ್ಲಿರುವ ಸ್ವಾಬ್ (ಸೆನ್ಸರ್ ಒರೆಸುವ ಕಡ್ಡಿ) ಮೇಲೇ ಬೀಳಬಹುದು. ಕೆಲವು ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾ ಆಫ್ ಮಾಡಿದರೆ ಶಟರ್ ಮುಚ್ಚಿಕೊಳ್ಳುತ್ತದೆ. ಆ ತೆಳು ಪರದೆಯನ್ನು ಮುಟ್ಟಬೇಡಿ, ಅದರ ಮೇಲೆ ಜೋರಾಗಿ ಗಾಳಿ ಬಿಡಲೂ ಬೇಡಿ. ನಿಮ್ಮ ಮಾಡೆಲ್‌ಗೆ ಏನು ಕ್ರಮ ಅಂತ ಮ್ಯಾನ್ಯುವಲ್‌ನಲ್ಲಿ ಒಮ್ಮೆ ನೋಡಿಬಿಡಿ.

ಬ್ಲೋವರನ್ನು ಮೊದಲು ಹೊರಗೇ ನಾಲ್ಕು ಸಲ ಹಿಂಡಿ, ಅದರೊಳಗಿನ ಧೂಳು ಹೋಗಲಿ. ಆಮೇಲೆ ಲೆನ್ಸ್ ತೆಗೆದ ಕ್ಯಾಮೆರಾ ಬಾಯಿಯನ್ನು ನೆಲದ ಕಡೆ ತಿರುಗಿಸಿ, ಕೆಳಗಿನಿಂದ ಹತ್ತು ಹನ್ನೆರಡು ಸಲ ಗಾಳಿ ಬಿಡಿ. ಮೂತಿ ಒಳಗೆ ತೂರಿಸಬೇಡಿ. ಮತ್ತೆ ಪರೀಕ್ಷೆಯ ಫೋಟೊ ತೆಗೆಯಿರಿ. ಸಾಮಾನ್ಯವಾಗಿ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಬಾಯಲ್ಲಿ ಊದುವುದು ಬೇಡ. ನನ್ನ ಮೊದಲ ಕ್ಯಾಮೆರಾಗೆ ನಾನು ಅದನ್ನೇ ಮಾಡಿದ್ದೆ. ಒಂದು ಧೂಳಿನ ಕಣ ಹೋಯಿತು, ಎಂಜಲಿನ ಮೂರು ಹನಿ ಬಂದು ಕೂತವು. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯೂ ಬೇಡ, ಅದರ ದ್ರವ ಹಾರಿ ಅಂಟಿಕೊಳ್ಳುತ್ತದೆ.

ಅಂಟಿಕೊಂಡ ಕಲೆಗೆ ಮಾತ್ರ ಸ್ವಾಬ್. ಸೆನ್ಸರ್ ಅಳತೆಗೆ ತಕ್ಕದ್ದೇ ಬೇಕು: ದೊಡ್ಡ ಫುಲ್‌ಫ್ರೇಮ್ ಸೆನ್ಸರ್‌ಗೆ 24 ಮಿಲಿಮೀಟರ್, ಅದಕ್ಕಿಂತ ಸಣ್ಣ ಎಪಿಎಸ್-ಸಿಗೆ ಸುಮಾರು 16. ಕಿವಿಗೆ ಹಾಕುವ ಇಯರ್‌ಬಡ್, ಕನ್ನಡಕದ ಬಟ್ಟೆ, ಮೆಡಿಕಲ್ ಸ್ಟೋರಿನ ಸ್ಪಿರಿಟ್ ಯಾವುದೂ ಆಗದು. ಸೆನ್ಸರ್‌ಗೆಂದೇ ಇರುವ ದ್ರಾವಣದ ಎರಡು ಹನಿ ಸ್ವಾಬ್ ಅಂಚಿಗೆ ಹಾಕಿ, ಹೀರಿಕೊಳ್ಳಲು ಬಿಡಿ. ಸೆನ್ಸರ್‌ನ ಒಂದು ತುದಿಯಲ್ಲಿಟ್ಟು ಇನ್ನೊಂದು ತುದಿಗೆ ಒಂದೇ ಎಳೆತ, ಬ್ರಷ್‌ನಲ್ಲಿ ಬಣ್ಣ ಎಳೆದಷ್ಟು ಹಗುರವಾಗಿ. ಎತ್ತಿ, ಮಗ್ಗುಲು ಬದಲಿಸಿ, ವಾಪಸ್ ಒಂದು ಎಳೆತ. ಮುಗಿಯಿತು, ಸ್ವಾಬ್ ಕಸದ ಬುಟ್ಟಿಗೆ. ನಾಲ್ಕು ಕಾಸು ಉಳಿಸಲು ಅದನ್ನೇ ಮತ್ತೆ ಬಳಸಿದರೆ, ಅದಕ್ಕೆ ಅಂಟಿದ ಮರಳಿನ ಕಣ ಗಾಜನ್ನು ಗೀಚುತ್ತದೆ. ನೀವು ಒರೆಸುವುದು ಸೆನ್ಸರ್ ಮುಂದಿನ ಫಿಲ್ಟರ್ ಗಾಜನ್ನೇ ಹೊರತು ಸೆನ್ಸರನ್ನಲ್ಲ ನಿಜ. ಆದರೆ ಅದನ್ನು ಬದಲಿಸುವ ಖರ್ಚು ಜಾಸ್ತಿಯೇ. ಗೆರೆ ಉಳಿದರೆ ಹೊಸ ಸ್ವಾಬ್. ಕೈ ನಡುಗುವವರು ಈ ಹಂತವನ್ನು ಸರ್ವೀಸ್ ಸೆಂಟರಿಗೆ ಬಿಡಿ.

ಎಫ್/22ರಲ್ಲಿ ಒಂದೆರಡು ಚುಕ್ಕೆ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಎಫ್/8ರಲ್ಲಿ ಅವು ಬಹುಶಃ ಕಾಣುವುದೂ ಇಲ್ಲ. ಬಂಡೀಪುರದ ಸಫಾರಿ ಜೀಪಿನಲ್ಲಿ, ಬೇಸಿಗೆಯ ಧೂಳಿನಲ್ಲಿ ಲೆನ್ಸ್ ಬದಲಿಸುವುದನ್ನು ಬಿಟ್ಟರೆ ಅರ್ಧ ಕಾಟ ತಪ್ಪಿತು. ಬದಲಿಸಲೇಬೇಕಾದರೆ ಕ್ಯಾಮೆರಾ ಬಾಯಿ ಕೆಳಗಿರಲಿ.

ಹಂಪಿಯ ಫೋಟೊಗಳ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸಿದೆ. ಆ ಭರದಲ್ಲಿ ಒಂದು ನಿಜವಾದ ಹದ್ದೂ ಹೋಗಿಬಿಟ್ಟಿತ್ತು. ಅದನ್ನು ಕಂಡುಹಿಡಿದವಳೂ ಅಕ್ಕನ ಮಗಳೇ.