ಸಿಡ್ನಿಯಲ್ಲಿ ಒಂದೇ ದಿನವಿದ್ದರೆ: ಬಿಸಿಲು ನೋಡಿಕೊಂಡು ಊರು ಸುತ್ತುವ ಕ್ರಮ

ಸಿಡ್ನಿಗೆ ಒಂದು ದಿನ ಸಿಕ್ಕಿತೆಂದರೆ ಬಹಳ ಜನ ಉದ್ದನೆಯ ಪಟ್ಟಿ ಹಿಡಿದು ಹೊರಡುತ್ತಾರೆ: ಆಪೆರಾ ಹೌಸ್, ಹಾರ್ಬರ್ ಬ್ರಿಡ್ಜ್, ಬಾಂಡೈ, ಮ್ಯಾನ್ಲಿ, ಮೃಗಾಲಯ, ಸಾಧ್ಯವಾದರೆ ಬ್ಲೂ ಮೌಂಟನ್ಸ್ ಬೆಟ್ಟಗಳು ಕೂಡ. ಅದಾಗುವ ಮಾತಲ್ಲ. ಬ್ಲೂ ಮೌಂಟನ್ಸ್‌ನ ಕಟೂಂಬಾ ಊರಿಗೆ ರೈಲಿನಲ್ಲಿ ಹೋಗುವುದಕ್ಕೇ ಸುಮಾರು ಎರಡು ಗಂಟೆ ಬೇಕು, ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಬಾಂಡೈ ಮತ್ತು ಮ್ಯಾನ್ಲಿ ಎರಡೂ ಕಡಲತೀರಗಳು, ಒಂದು ದಿನಕ್ಕೆ ಒಂದು ಸಾಕು. ಅದರಲ್ಲೂ ಮ್ಯಾನ್ಲಿಯೇ ಮೇಲು, ಏಕೆಂದರೆ ಬಾಂಡೈಗೆ ಬಸ್ಸಿನಲ್ಲಿ ಹೋಗಬೇಕು, ಮ್ಯಾನ್ಲಿಗೆ ಫೆರಿಯಲ್ಲಿ ಹೋಗಬಹುದು. ಸಿಡ್ನಿಯ ಚೆಲುವಿರುವುದು ಅದರ ಬಂದರಿನಲ್ಲಿ, ಬಂದರು ಕಾಣುವುದು ನೀರಿನ ಮೇಲಿಂದ.

ಉಳಿದದ್ದು ಬಿಸಿಲಿನ ಲೆಕ್ಕ. ನಮ್ಮ ಕಡೆ ವರ್ಷದ ಹೆಚ್ಚು ತಿಂಗಳು ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಸಿಡ್ನಿಯಲ್ಲಿ ಉತ್ತರಕ್ಕೆ. ನೆರಳು ನೋಡಿ ದಿಕ್ಕು ಹಿಡಿಯುವವರು ಇಲ್ಲಿ ತಪ್ಪುತ್ತಾರೆ. ಬೆಳಿಗ್ಗೆ ಸೇತುವೆಯ ಮೇಲೆ ನಿಂತು ಆಪೆರಾ ಹೌಸ್ ನೋಡಿದರೆ ಸೂರ್ಯ ಎದುರಿಗಿರುತ್ತಾನೆ, ಫೋಟೋದಲ್ಲಿ ಕಟ್ಟಡ ಕಪ್ಪಾಗುತ್ತದೆ. ಅದಕ್ಕೇ ಬೆಳಿಗ್ಗೆ ಪೂರ್ವದ ಕಡೆಯಿಂದ ನೋಡಬೇಕು, ಸೇತುವೆಯನ್ನು ಸಂಜೆಗೆ ಉಳಿಸಿಕೊಳ್ಳಬೇಕು. ಕೆಳಗಿನ ಕ್ರಮ ನಿಂತಿರುವುದು ಇದರ ಮೇಲೆಯೇ.

ಕಾರ್ಡು, ದರ, ಮಿತಿ

ಸಿಡ್ನಿಯ ರೈಲು, ಮೆಟ್ರೊ, ಬಸ್ಸು, ಲೈಟ್ ರೈಲ್, ಸರ್ಕಾರಿ ಫೆರಿ ಎಲ್ಲಕ್ಕೂ ಒಂದೇ ವ್ಯವಸ್ಥೆ. ಓಪಲ್ ಕಾರ್ಡು ಬಳಸಬಹುದು, ಇಲ್ಲವೇ ವೀಸಾ, ಮಾಸ್ಟರ್‌ಕಾರ್ಡ್, ಅಮೆಕ್ಸ್‌ನ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ತಾಗಿಸಬಹುದು. ಭಾರತದ ಬ್ಯಾಂಕಿನ ಕಾರ್ಡಾದರೆ ವಿದೇಶಿ ವಹಿವಾಟನ್ನು ಆ್ಯಪ್‌ನಲ್ಲಿ ಮೊದಲೇ ತೆರೆದಿಟ್ಟಿರಬೇಕು. ಒಂದು ಕಾರ್ಡಿಗೆ ಒಬ್ಬರೇ ಪ್ರಯಾಣಿಕರು, ಗಂಡ ಹೆಂಡತಿ ಒಂದೇ ಕಾರ್ಡನ್ನು ಎರಡು ಸಲ ತಾಗಿಸಿದರೆ ಆಗುವುದಿಲ್ಲ. 4ರಿಂದ 15 ವರ್ಷದ ಮಕ್ಕಳಿಗೆ ಮಕ್ಕಳ ಓಪಲ್ ಕಾರ್ಡು ತೆಗೆದುಕೊಳ್ಳಿ, ಬ್ಯಾಂಕ್ ಕಾರ್ಡು ತಾಗಿಸಿದರೆ ದೊಡ್ಡವರ ದರವೇ ಬೀಳುತ್ತದೆ.

ಹೆಚ್ಚಾಗಿ ದುಡ್ಡು ಕಳೆಯುವುದು ಎರಡು ಕಡೆ. ಇಳಿಯುವಾಗ ಕಾರ್ಡು ತಾಗಿಸದಿದ್ದರೆ ಆ ಮಾರ್ಗದ ಗರಿಷ್ಠ ದರ ಕತ್ತರಿಸಲ್ಪಡುತ್ತದೆ. ಹತ್ತುವಾಗ ಫೋನು, ಇಳಿಯುವಾಗ ಪ್ಲಾಸ್ಟಿಕ್ ಕಾರ್ಡು ತಾಗಿಸಿದರೂ ಹಾಗೆಯೇ: ಹಣ ಹೋಗುವ ಖಾತೆ ಒಂದೇ ಆದರೂ ಯಂತ್ರದ ಲೆಕ್ಕದಲ್ಲಿ ಅವು ಎರಡು ಬೇರೆ ಕಾರ್ಡುಗಳು. ಬೆಳಿಗ್ಗೆ ಯಾವುದನ್ನು ಕೈಗೆ ತೆಗೆದುಕೊಂಡಿರೋ ರಾತ್ರಿಯವರೆಗೂ ಅದನ್ನೇ ಬಳಸಿ.

ದಿನಕ್ಕೊಂದು ಗರಿಷ್ಠ ಮಿತಿ ಇದೆ. ದೊಡ್ಡವರಿಗೆ ಸೋಮವಾರದಿಂದ ಗುರುವಾರದವರೆಗೆ ಅದು 20 ಡಾಲರಿನ ಆಸುಪಾಸು, ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜೆಗಳಲ್ಲಿ ಅದರ ಅರ್ಧ. ದರ ಸಾಮಾನ್ಯವಾಗಿ ಜುಲೈನಲ್ಲಿ ಏರುತ್ತದೆ. ಮಿತಿ ಮುಟ್ಟಿದ ಮೇಲೆ ಎಷ್ಟು ಸಲ ಹತ್ತಿಳಿದರೂ ಹೆಚ್ಚಿಗೆ ಹಣ ಹೋಗುವುದಿಲ್ಲ. ಹಾಗಾಗಿ ದಿನ ಆರಿಸುವ ಅವಕಾಶವಿದ್ದರೆ ಶುಕ್ರವಾರ ಹೊರಡಿ: ಅರ್ಧ ಖರ್ಚು, ಭಾನುವಾರದ ಗದ್ದಲವೂ ಇಲ್ಲ. ವಿಮಾನ ನಿಲ್ದಾಣದ ರೈಲು ನಿಲ್ದಾಣಗಳಲ್ಲಿ ಹತ್ತಿದರೆ ಅಥವಾ ಇಳಿದರೆ ಬೀಳುವ 17 ಡಾಲರಿಗೂ ಮೀರಿದ ಪ್ರವೇಶ ಶುಲ್ಕ ಮಾತ್ರ ಈ ದಿನದ ಮಿತಿಯೊಳಗೆ ಬರುವುದಿಲ್ಲ.

ಬೆಳಿಗ್ಗೆ 8: ಉದ್ಯಾನದ ದಾರಿ

ಸೇಂಟ್ ಜೇಮ್ಸ್ ನಿಲ್ದಾಣದಲ್ಲಿ ಇಳಿದು, ಸೇಂಟ್ ಮೇರೀಸ್ ಕೆಥೆಡ್ರಲ್ ದಾಟಿ, ಆರ್ಟ್ ಗ್ಯಾಲರಿ ರಸ್ತೆ ಹಿಡಿದು ಉತ್ತರಕ್ಕೆ ನಡೆಯಿರಿ. ಇಪ್ಪತ್ತೈದು ನಿಮಿಷದಲ್ಲಿ ಮಿಸೆಸ್ ಮ್ಯಾಕ್ವಾರೀಸ್ ಪಾಯಿಂಟ್ ತಲುಪುತ್ತೀರಿ. ಗವರ್ನರ್ ಮ್ಯಾಕ್ವಾರಿಯ ಹೆಂಡತಿ ಎಲಿಜಬೆತ್‌ಗಾಗಿ 1810ರಲ್ಲಿ ಕೈದಿಗಳು ಮರಳುಗಲ್ಲಿನಲ್ಲಿ ಕೊರೆದ ಆಸನ ಇಲ್ಲಿದೆ. ಆಪೆರಾ ಹೌಸ್ ಮತ್ತು ಸೇತುವೆ ಒಂದೇ ಚೌಕಟ್ಟಿನಲ್ಲಿ ಕೂಡುವುದು ಇಲ್ಲಿಂದ, ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಪ್ರವಾಸಿ ಬಸ್ಸುಗಳು ಬಂದು ನಿಲ್ಲುವ ಮೊದಲೇ ಇಲ್ಲಿರಬೇಕು. ಮೊಣಕಾಲು ನೋವಿರುವ ಅಪ್ಪ ಅಮ್ಮಂದಿರನ್ನು ಇಲ್ಲಿಯವರೆಗೆ ಟ್ಯಾಕ್ಸಿಯಲ್ಲಿ ಕರೆತನ್ನಿ, ಮುಂದಿನ ದಾರಿ ಸಮತಟ್ಟಾಗಿದೆ.

ಅಲ್ಲಿಂದ ನೀರಿನ ಅಂಚಿನ ಕಲ್ಲುಕಟ್ಟೆಯನ್ನೇ ಅನುಸರಿಸಿ ರಾಯಲ್ ಬೊಟಾನಿಕ್ ಗಾರ್ಡನ್ ಒಳಗಿಂದ ಆಪೆರಾ ಹೌಸ್ ಕಡೆಗೆ ಬನ್ನಿ. ಪ್ರವೇಶಕ್ಕೆ ಹಣವಿಲ್ಲ. 1816ರಲ್ಲಿ ಶುರುವಾದ ಈ ತೋಟ ಮೂಲನಿವಾಸಿಗಳಾದ ಗಾಡಿಗಲ್ ಜನರ ನೆಲ. 1788ರಲ್ಲಿ ಬಂದಿಳಿದ ಬ್ರಿಟಿಷರು ಮೊದಲು ಬೇಸಾಯಕ್ಕೆ ಕೈಹಾಕಿದ್ದು ಈ ಕೊಲ್ಲಿಯ ದಡದಲ್ಲೇ, ಬೆಳೆ ಕೈಹತ್ತಲಿಲ್ಲ. ಫಾರ್ಮ್ ಕೋವ್ ಎಂಬ ಹೆಸರು ಉಳಿಯಿತು. ಹಳದಿ ಜುಟ್ಟಿನ ಬಿಳಿ ಕಾಕಟೂಗಳು ಹತ್ತಿರ ಬರುತ್ತವೆ, ತಿನ್ನಲು ಏನೂ ಕೊಡಬೇಡಿ.

ಆಪೆರಾ ಹೌಸನ್ನು ದೂರದಿಂದ ನೋಡಿ ಹೊರಟುಬಿಡುವವರೇ ಹೆಚ್ಚು. ಮೆಟ್ಟಿಲು ಹತ್ತಿ ಚಿಪ್ಪಿನಾಕಾರದ ಛಾವಣಿಗಳ ಬುಡದವರೆಗೂ ಹೋಗಿ. ಬಿಳಿ ಎಂದು ಕಾಣುತ್ತಿದ್ದುದು ಹತ್ತಿರದಿಂದ ಎರಡು ಬಗೆಯ ಹೆಂಚಾಗುತ್ತದೆ, ಒಂದು ಹೊಳೆಯುವ ಬಿಳಿ, ಇನ್ನೊಂದು ಹೊಳಪಿಲ್ಲದ ಕೆನೆಬಣ್ಣ. ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು. ಗಂಟೆಗೊಮ್ಮೆ ಅವುಗಳ ಬಣ್ಣ ಬದಲಾದಂತೆ ಕಾಣುವುದು ಈ ಎರಡರ ಬೆರಕೆಯಿಂದ. ವಿನ್ಯಾಸ ಮಾಡಿದ ಡೆನ್ಮಾರ್ಕ್‌ನ ಯಾರ್ನ್ ಉಟ್ಸನ್ 1966ರಲ್ಲಿ ಕೆಲಸ ಬಿಟ್ಟು ಹೋದವರು ತಿರುಗಿ ಬರಲಿಲ್ಲ, 1973ರಲ್ಲಿ ಉದ್ಘಾಟನೆಯಾದ ಕಟ್ಟಡವನ್ನು ಕಣ್ಣಾರೆ ನೋಡಲೇ ಇಲ್ಲ. ಒಳಗಿನ ಮಾರ್ಗದರ್ಶಿ ಪ್ರವಾಸಕ್ಕೆ ಒಂದು ಗಂಟೆ ಬೇಕು, ಮೆಟ್ಟಿಲುಗಳೂ ಬಹಳ. ಸಂಗೀತ, ವಾಸ್ತುಶಿಲ್ಪದಲ್ಲಿ ಆಸಕ್ತಿ ಇದ್ದವರು ಖಂಡಿತ ಹೋಗಿ, ಇಲ್ಲದಿದ್ದರೆ ಆ ಗಂಟೆಯನ್ನು ಫೆರಿಗೆ ಕೊಡಿ.

ಮ್ಯಾನ್ಲಿ ಫೆರಿ

ಆಪೆರಾ ಹೌಸ್ ಪಕ್ಕದ ಫೆರಿ ನಿಲ್ದಾಣವಾದ ಸರ್ಕ್ಯುಲರ್ ಕ್ವೇಯ 3ನೇ ಕಟ್ಟೆಗೆ ಹೋಗಿ, ಅಲ್ಲಿಂದ ಹೊರಡುವುದು ಸರ್ಕಾರಿ ಫೆರಿ. ಪಕ್ಕದಲ್ಲೇ ಖಾಸಗಿ ವೇಗದ ದೋಣಿಯೂ ನಿಂತಿರುತ್ತದೆ. ಅದೂ ಕಾರ್ಡು ತೆಗೆದುಕೊಳ್ಳುತ್ತದೆ, ಆದರೆ ಅದರ ದರ ಬೇರೆ, ದಿನದ ಮಿತಿಗೆ ಸೇರುವುದಿಲ್ಲ. ಅವಸರದಲ್ಲಿ ಬಹಳ ಜನ ಇದನ್ನೇ ಹತ್ತಿಬಿಡುತ್ತಾರೆ. ಸರ್ಕಾರಿ ಫೆರಿ ಮ್ಯಾನ್ಲಿಗೆ ಮುಟ್ಟಲು ಸುಮಾರು 30 ನಿಮಿಷ. ದುಬಾರಿ ಬಂದರು ವಿಹಾರದ ದೋಣಿಗಳು ತೋರಿಸುವುದರಲ್ಲಿ ಹೆಚ್ಚಿನದು ಇಲ್ಲೇ ಸಿಗುತ್ತದೆ.

ಹೋಗುವಾಗ ಬಲಗಡೆಯ ಹೊರಗಿನ ಬೆಂಚು ಹಿಡಿಯಿರಿ. ಕ್ವೇ ಬಿಟ್ಟ ಕೂಡಲೇ ಆಪೆರಾ ಹೌಸ್ ಬಲಕ್ಕೆ ಬರುತ್ತದೆ. ಅದನ್ನು ದಾಟಿದ ಮೇಲೆ ಎದ್ದು ಹಿಂಭಾಗಕ್ಕೆ ಹೋದರೆ ಸೇತುವೆ ಮತ್ತು ಆಪೆರಾ ಹೌಸ್ ಜೊತೆಯಾಗಿ ಹಿಂದೆ ಸರಿಯುತ್ತವೆ. ಮುಂದೆ ನಾರ್ತ್ ಹೆಡ್ ಮತ್ತು ಸೌತ್ ಹೆಡ್ ಬಂಡೆಗಳ ನಡುವೆ ತೆರೆದ ಸಮುದ್ರದ ಅಲೆ ಒಳಗೆ ನುಗ್ಗುತ್ತದೆ, ಅಲ್ಲಿ ಕೆಲವು ನಿಮಿಷ ಫೆರಿ ಚೆನ್ನಾಗಿ ಓಲಾಡುತ್ತದೆ. ಹೊಟ್ಟೆ ತೊಳಸುವವರು ಕೆಳಗಿನ ಮಹಡಿಯ ನಡುಭಾಗದಲ್ಲಿ ಕೂತು ದೂರದ ದಡವನ್ನು ನೋಡುತ್ತಿರಲಿ. ಬೇಸಿಗೆಯಲ್ಲೂ ಡೆಕ್ಕಿನ ಮೇಲೆ ಗಾಳಿ ತಣ್ಣಗಿರುತ್ತದೆ, ಒಂದು ಜಾಕೆಟ್ ಇರಲಿ.

ಮ್ಯಾನ್ಲಿಯಲ್ಲಿ ಇಳಿದು ಕಾರ್ಸೋ ಎಂಬ ಅಂಗಡಿಬೀದಿಯಲ್ಲಿ ನೇರ ನಡೆದರೆ ಕೆಲವೇ ನಿಮಿಷದಲ್ಲಿ ಸಾಗರದ ಬದಿಯ ದೊಡ್ಡ ತೀರ. ನೀರಿಗಿಳಿಯುವುದಾದರೆ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಬಾವುಟದ ಆಚೆ ನೀರು ಶಾಂತವಾಗಿ, ಅಲೆಯಿಲ್ಲದೆ ಕಾಣುವ ಜಾಗವೇ ಎಷ್ಟೋ ಸಲ ಅಪಾಯದ್ದು: ದಡಕ್ಕೆ ಬಂದ ನೀರು ಅಲ್ಲಿಂದ ರಭಸವಾಗಿ ಒಳಕ್ಕೆ ಹರಿಯುತ್ತಿರುತ್ತದೆ. ಈಜು ಬಾರದವರನ್ನೂ ಚಿಕ್ಕ ಮಕ್ಕಳನ್ನೂ ಇಲ್ಲಿ ಇಳಿಸಬೇಡಿ. ಸಮುದ್ರಕ್ಕೆ ಮುಖಮಾಡಿ ನಿಂತಾಗ ಬಲಕ್ಕೆ ಹೋಗುವ ಕಾಲುದಾರಿ ಹಿಡಿದು ಶೆಲ್ಲಿ ಬೀಚ್‌ಗೆ ಹೋಗಿ, ಒಂದು ಕಿಲೋಮೀಟರಿನಷ್ಟು ದೂರ. ಅದು ಪಶ್ಚಿಮಕ್ಕೆ ತಿರುಗಿರುವ ಪುಟ್ಟ ತೀರ, ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಸಂರಕ್ಷಿತ ಜಲಪ್ರದೇಶವಾದ್ದರಿಂದ ಕಪ್ಪೆಚಿಪ್ಪನ್ನೂ ಆರಿಸಿಕೊಳ್ಳುವಂತಿಲ್ಲ.

ಊಟದ ವಿಷಯ. ಬಹಳಷ್ಟು ಕೆಫೆಗಳ ಅಡುಗೆಮನೆ ಮಧ್ಯಾಹ್ನ 3ರ ಹೊತ್ತಿಗೆ ಮುಚ್ಚುತ್ತದೆ, ಒಂದು ಗಂಟೆಗೇ ಕೂತುಬಿಡಿ. ಭಾನುವಾರ ಮತ್ತು ರಜಾದಿನಗಳಲ್ಲಿ ಬಿಲ್ಲಿನ ಮೇಲೆ ಶೇಕಡಾ 10ರಿಂದ 15 ಹೆಚ್ಚುವರಿ ಹಾಕುವ ಕಡೆಗಳುಂಟು. ಇಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಇರಬಹುದು. ಮೊಟ್ಟೆಯೂ ಬೇಡವೆನ್ನುವವರಿಗೆ ವೀಗನ್ ಎಂಬ ಗುರುತೇ ಭದ್ರ. ಆಲೂಗಡ್ಡೆ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಮಕ್ಕಳ ಮನೆಯಲ್ಲಿ ಉಳಿದುಕೊಂಡಿರುವ ತಂದೆ ತಾಯಂದಿರಿಗೆ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗುವುದೇ ಸುಖ. ಸೀಗಲ್ ಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ, ಗೋಡೆಗೆ ಬೆನ್ನುಕೊಟ್ಟು ಕೂರಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಜೊತೆಗಿರಲಿ. ಬಿಸಿಲು ಮೃದುವಾಗಿ ಕಂಡರೂ ಇಲ್ಲಿನ ನೇರಳಾತೀತ ಕಿರಣ ತೀಕ್ಷ್ಣ, ನಮ್ಮ ಮೈಬಣ್ಣದವರಿಗೂ ಚರ್ಮ ಸುಡುತ್ತದೆ: ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ, ಜೊತೆಗೆ ಅಗಲ ಅಂಚಿನ ಟೋಪಿ.

ಸಂಜೆ ಸೇತುವೆ

ಕ್ವೇಗೆ ಮರಳಿ, ಪಿರ್ಮಾಂಟ್ ಬೇ ಕಡೆಯ ಎಫ್4 ಫೆರಿ ಹತ್ತಿ ಮಿಲ್ಸನ್ಸ್ ಪಾಯಿಂಟ್‌ನಲ್ಲಿ ಇಳಿಯಿರಿ. ಈ ಫೆರಿ ಸೇತುವೆಯ ಅಡಿಯಲ್ಲೇ ಹಾದುಹೋಗುತ್ತದೆ. ಇಳಿದು ಸ್ವಲ್ಪ ಏರು ನಡೆದರೆ ಬ್ರೌಟನ್ ಸ್ಟ್ರೀಟ್, ಅಲ್ಲಿಂದ ಮೆಟ್ಟಿಲು ಅಥವಾ ಲಿಫ್ಟ್. ನಡೆಯುವವರ ದಾರಿ ಪೂರ್ವ ಬದಿಗೆ, ಸೈಕಲ್ಲಿನದು ಪಶ್ಚಿಮಕ್ಕೆ. ಉತ್ತರದಿಂದ ದಕ್ಷಿಣಕ್ಕೆ ನಡೆಯುವುದೇ ಸರಿ: ನಗರ ಎದುರಿಗೆ, ಆಪೆರಾ ಹೌಸ್ ಎಡಕ್ಕೆ, ಇಳಿಬಿಸಿಲು ನೇರವಾಗಿ ಅದರ ಮೇಲೆ. ನಿಂತು ನೋಡಿಕೊಂಡು ಹೋದರೆ ಅರ್ಧ ಗಂಟೆ. ಹಣ ಕೊಡಬೇಕಿಲ್ಲ. ತಂತಿಜಾಲರಿಯ ಕಿಂಡಿಗೆ ಫೋನಿನ ಲೆನ್ಸ್ ಒತ್ತಿಹಿಡಿದರೆ ಗೆರೆಗಳಿಲ್ಲದ ಚಿತ್ರ ಬರುತ್ತದೆ.

1932ರ ಮಾರ್ಚ್ 19ರಂದು ತೆರೆದ ಈ ಕಮಾನಿನ ಹರವು 503 ಮೀಟರ್, ತುದಿ ನೀರಿನಿಂದ 134 ಮೀಟರ್ ಎತ್ತರ. ಕಮಾನು ಹತ್ತುವ ಬ್ರಿಡ್ಜ್‌ಕ್ಲೈಂಬ್ ಟಿಕೆಟ್ಟು ನೂರಾರು ಡಾಲರ್. ಆಗ್ನೇಯ ಕಂಬದ ಮೇಲಿನ ಪೈಲನ್ ಲುಕೌಟ್ ಎಂಬ ವೀಕ್ಷಣಾ ತಾಣಕ್ಕೆ 200 ಮೆಟ್ಟಿಲು, ಟಿಕೆಟ್ಟು ಅದರ ಒಂದು ಸಣ್ಣ ಪಾಲು. ಮುಚ್ಚುವ ಹೊತ್ತನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.

ಹೊತ್ತಿನ ಲೆಕ್ಕ ಋತುವಿನ ಮೇಲೆ. ಜೂನ್‌ನಲ್ಲಿ ಸೂರ್ಯ ಸಂಜೆ 5ರೊಳಗೆ ಮುಳುಗುತ್ತಾನೆ, ಮೂರಕ್ಕೇ ಸೇತುವೆ ಹತ್ತಿ. ಡಿಸೆಂಬರ್, ಜನವರಿಯಲ್ಲಿ 8 ದಾಟುತ್ತದೆ, ಆರರವರೆಗೂ ಮ್ಯಾನ್ಲಿಯಲ್ಲೇ ಇರಬಹುದು. ಸೇತುವೆ ಇಳಿದರೆ ಕಂಬರ್‌ಲೆಂಡ್ ಸ್ಟ್ರೀಟ್, ಪಕ್ಕದಲ್ಲೇ ಅಬ್ಸರ್ವೇಟರಿ ಹಿಲ್. ಸೂರ್ಯಾಸ್ತ ನೋಡಲು ಅಲ್ಲಿನ ಹುಲ್ಲು ಸಾಕು.

ಏನಾದರೂ ಕೈಕೊಟ್ಟರೆ

ಶನಿವಾರ, ಭಾನುವಾರ ಹಳಿ ಕೆಲಸಕ್ಕೆಂದು ರೈಲು ನಿಲ್ಲಿಸಿ ಬಸ್ಸು ಬಿಡುವುದು ಸಾಮಾನ್ಯ. ಹಿಂದಿನ ರಾತ್ರಿಯೇ ಸಾರಿಗೆ ಆ್ಯಪ್‌ನಲ್ಲಿ ನೋಡಿ, ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ. ಸಮುದ್ರ ಉಕ್ಕಿದ ದಿನ ಮ್ಯಾನ್ಲಿ ಫೆರಿ ರದ್ದಾಗುತ್ತದೆ. ಆಗ ಬಸ್ಸಿನಲ್ಲಿ ಮ್ಯಾನ್ಲಿಗೆ ಹೋಗಿ ಪ್ರಯೋಜನವಿಲ್ಲ, ಪರಮಟ್ಟಾ ನದಿಯ ಫೆರಿ ಹಿಡಿಯಿರಿ. ಅದು ಒಳನೀರಿನಲ್ಲೇ ಸಾಗುವುದರಿಂದ ಅಲೆಯ ಕಾಟವಿಲ್ಲ. ಮಳೆ ಬಿಡದಿದ್ದರೆ ಬೆಳಗಿನ ದಾರಿಯಲ್ಲೇ ಸಿಗುವ ಆರ್ಟ್ ಗ್ಯಾಲರಿ ಆಫ್ ನ್ಯೂ ಸೌತ್ ವೇಲ್ಸ್ ಒಳಗೆ ಹೋಗಿ. ಬೆಳಿಗ್ಗೆ 10ರಿಂದ 5ರವರೆಗೆ, ಬುಧವಾರ ರಾತ್ರಿ 10ರವರೆಗೂ ತೆರೆದಿರುತ್ತದೆ, ಸಾಮಾನ್ಯ ಪ್ರವೇಶ ಉಚಿತ, ಮೂಲನಿವಾಸಿಗಳ ಚಿತ್ರಗಳ ಸಂಗ್ರಹವೊಂದಕ್ಕೇ ಎರಡು ಗಂಟೆ ಕೊಡಬಹುದು. ತುರ್ತಿನ ಸಂಖ್ಯೆ 000.