ಮೈಲುತುತ್ತಕ್ಕೆ ಸುಣ್ಣ ಬೆರೆಸುವ ಹದ: ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಚನ್ನಗಿರಿಯ ಅಡಿಕೆ ತೋಟಕ್ಕೆ

ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆ ಅಡಿಕೆ ಬೆಳೆಯುವವರಿಗೆ, ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ಮೈಲುತುತ್ತಕ್ಕೆ (ಕಾಪರ್ ಸಲ್ಫೇಟ್) ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಹೊಸದಲ್ಲ. ಆದರೂ "ಔಷಧಿ ಹೊಡೆಸಿದೀವಿ, ಆದ್ರೂ ಕೊಳೆ ಬಂತು" ಅನ್ನುವ ಮಾತು ಮಳೆಗಾಲದಲ್ಲಿ ಕೇಳಿಸುತ್ತಲೇ ಇರುತ್ತದೆ. ಹೀಗಾದಾಗ ಮೈಲುತುತ್ತದ ಮೇಲೆ ಅನುಮಾನ ಪಡುವವರೇ ಹೆಚ್ಚು. ಸಾಮಾನ್ಯವಾಗಿ ಕೆಟ್ಟಿರುವುದು ಸುಣ್ಣ. ಅದೂ ಅಲ್ಲವಾದರೆ ಹೊಡೆಸಿದ ಹೊತ್ತು ತಪ್ಪಿರುತ್ತದೆ. ಈ ದ್ರಾವಣ ಹುಟ್ಟಿದ ತೋಟದ ಕಥೆ ಗೊತ್ತಿದ್ದರೆ ಎರಡೂ ತಪ್ಪು ಯಾಕೆ ದುಬಾರಿ ಅನ್ನುವುದು ಸುಲಭವಾಗಿ ತಿಳಿಯುತ್ತದೆ.

ಫ್ರಾನ್ಸಿನ ಬೋರ್ಡೋ ನಗರದ ಉತ್ತರಕ್ಕೆ ಜಿರೋಂದ್ ನದಿಯ ಎಡದಂಡೆಯಲ್ಲಿ ಮೆಡಾಕ್ ಎಂಬ ವೈನ್ ಸೀಮೆ ಇದೆ. ಅಲ್ಲಿನ ಸ್ಯಾಂ ಜೂಲಿಯಾಂ ಊರಿನಲ್ಲಿರುವ ಡ್ಯುಕ್ರೂ-ಬೋಕಾಯೂ ತೋಟ ಅಲ್ಲಿನ ವೈನ್ ತೋಟಗಳ 1855ರ ವರ್ಗೀಕರಣದಲ್ಲಿ ಎರಡನೇ ದರ್ಜೆಗೆ ಸೇರಿದ್ದು. ಬೋಕಾಯೂ ಅಂದರೆ ಚೆಂದದ ಕಲ್ಲು. ನದಿ ತಂದು ಹಾಕಿದ ನುಣುಪು ಬೆಣಚುಕಲ್ಲಿನ ದಿಬ್ಬ ಅದು, ನಮ್ಮ ಗರಸು ಮಣ್ಣಿನ ಹಾಗೆ ನೀರು ಹಿಡಿಯದೆ ಬಸಿದುಬಿಡುತ್ತದೆ. 1866ರಿಂದ ಈ ತೋಟ ಜಾನ್ಸ್ಟನ್ ಮನೆತನದ ಕೈಯಲ್ಲಿತ್ತು. ಅದೇ ಸೀಮೆಯ ಡೋಜಾಕ್ ಎಂಬ ಇನ್ನೊಂದು ತೋಟವೂ ಅವರದೇ. ಎರಡನ್ನೂ ನೋಡಿಕೊಳ್ಳುತ್ತಿದ್ದ ವ್ಯವಸ್ಥಾಪಕ ಎರ್ನೆಸ್ಟ್ ಡಾವಿಡ್.

ಆ ಕಾಲಕ್ಕೆ ಫ್ರಾನ್ಸಿನ ದ್ರಾಕ್ಷಿಗೆ ಒಂದರ ಹಿಂದೆ ಒಂದು ಕೇಡು ಬಂದಿತ್ತು. ಮೊದಲು ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಬಳ್ಳಿಗಳನ್ನು ಬೇರಿನಿಂದಲೇ ಕೊಂದಿತು. ಅದನ್ನು ತಾಳಿಕೊಳ್ಳುವ ಬೇರು ಬೇಕೆಂದು ಅಮೆರಿಕದ ಬಳ್ಳಿ ತರಿಸಿದರೆ, ಅದರ ಜೊತೆಗೆ ಡೌನಿ ಮಿಲ್ಡ್ಯೂ ಎಂಬ ಬೂಜುರೋಗವೂ ಬಂತು. 1878ರಲ್ಲಿ ಈ ರೋಗ ಫ್ರಾನ್ಸಿನಲ್ಲಿ ಮೊದಲು ಕಂಡಿತು. ಎಲೆ ಉದುರಿ, ಕಾಯಿ ಹಣ್ಣಾಗದೆ ನಿಂತುಬಿಡುತ್ತಿತ್ತು.

1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಅಲೆಕ್ಸಿ ಮಿಲಾರ್ಡೆ ಸ್ಯಾಂ ಜೂಲಿಯಾಂ ದಾರಿಯಲ್ಲಿ ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡರು. ತೋಟದ ಒಳಗೆಲ್ಲ ಎಲೆ ಉದುರಿದ್ದರೂ ದಾರಿ ಪಕ್ಕದ ಸಾಲುಗಳಲ್ಲಿ ಎಲೆ ಹಸಿರಾಗಿಯೇ ಇತ್ತು. ಆ ಎಲೆಗಳ ಮೇಲೆ ನೀಲಿ ಬಿಳುಪಿನ ಲೇಪ. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ, ಏನೋ ವಿಷ ಹೊಡೆದಿದ್ದಾರೆ ಎಂದು ಹೆದರಲಿ ಎಂದು ಅಂಚಿನ ಸಾಲಿಗೆ ತಾಮ್ರದ ಲವಣ ಮತ್ತು ಸುಣ್ಣ ಎರಚುವ ರೂಢಿ ಅಲ್ಲಿತ್ತು. ಮಿಲಾರ್ಡೆ, ರಸಾಯನಶಾಸ್ತ್ರಜ್ಞ ಯುಲಿಸ್ ಗಾಯೋ ಮತ್ತು ಡಾವಿಡ್ ಸೇರಿ ಜಾನ್ಸ್ಟನ್ನರ ತೋಟಗಳಲ್ಲಿ ಪ್ರಯೋಗ ನಡೆಸಿದರು. 1885ರಲ್ಲಿ ಫಲಿತಾಂಶ ಪ್ರಕಟವಾಯಿತು.

ಗಮನಿಸಬೇಕಾದ್ದು ಇಷ್ಟು. ಹಸಿರು ಉಳಿದ ಸಾಲುಗಳಿಗೆ ಲೇಪ ಬಿದ್ದದ್ದು ರೋಗ ಬರುವ ಮುಂಚೆ. ರೋಗ ಹೊಕ್ಕ ಎಲೆಯನ್ನು ಅದು ವಾಸಿ ಮಾಡಿರಲಿಲ್ಲ, ಹೊಗದಂತೆ ತಡೆದಿತ್ತು.

ನಮ್ಮ ಕಡೆಗೆ ಇದು ಬಂದದ್ದು ಲೆಸ್ಲಿ ಕೋಲ್ಮನ್ ಮೂಲಕ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಈ ಕೆನಡಾದ ವಿಜ್ಞಾನಿ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ, ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವ ಹಳೆಯ ಪದ್ಧತಿಯ ಜೊತೆಗೆ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ದ್ರಾಕ್ಷಿಯ ಔಷಧಿ ಅಡಿಕೆಗೆ ಹಿಡಿಸಿದ್ದು ಆಕಸ್ಮಿಕವೇನಲ್ಲ. ದ್ರಾಕ್ಷಿಯ ಡೌನಿ ಮಿಲ್ಡ್ಯೂ, ಅಡಿಕೆಯ ಕೊಳೆರೋಗ ಎರಡೂ ಒಂದೇ ಗುಂಪಿನ ನೀರುಬೂಷ್ಟುಗಳಿಂದ ಬರುತ್ತವೆ. ಅವುಗಳ ಬೀಜಾಣುಗಳಿಗೆ ಬಾಲ ಇರುತ್ತದೆ, ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜಿಕೊಂಡು ಹೋಗಿ ತೊಟ್ಟಿನ ಹತ್ತಿರ ಒಳಹೊಗುತ್ತವೆ. ಆ ನೀರಿಗೆ ಲೇಪದಿಂದ ಒಂದಿಷ್ಟೇ ತಾಮ್ರ ಬಿಟ್ಟುಕೊಳ್ಳುತ್ತಿದ್ದರೂ ಬೀಜಾಣು ಅಲ್ಲೇ ಸಾಯುತ್ತದೆ. ಹೊಕ್ಕ ಮೇಲೆ ಮೇಲಿನ ಲೇಪಕ್ಕೆ ಅದು ಸಿಗುವುದಿಲ್ಲ.

ಸಾಮಾನು ಮತ್ತು ಅಳತೆ

ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಸುಟ್ಟ ಸುಣ್ಣ 1 ಕೆ.ಜಿ., ನೀರು 100 ಲೀಟರ್. 50 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮು, 100 ಲೀಟರಿಗೂ ದೊಡ್ಡದಾದ ಮೂರನೆಯದೊಂದು, ಕಲಕಲು ಮರದ ಕೋಲು, ಸೋಸಲು ಬಟ್ಟೆ ಅಥವಾ ನೈಲಾನ್ ಜಾಲರಿ ಬೇಕು. ಕಬ್ಬಿಣದ ಬಕೆಟ್ಟು, ತಗಡಿನ ಡಬ್ಬ ಬೇಡ. ಕರಗಿದ ತಾಮ್ರ ಕಬ್ಬಿಣಕ್ಕೆ ಹತ್ತಿಕೊಂಡು ನೀರಿನಿಂದ ಹೊರಬೀಳುತ್ತದೆ, ಪಾತ್ರೆಯೂ ತೂತಾಗುತ್ತದೆ.

1885ರ ಮಿಲಾರ್ಡೆ ಸೂತ್ರ ಇದಕ್ಕಿಂತ ತುಂಬ ಗಟ್ಟಿ. 100 ಲೀಟರ್ ನೀರಿಗೆ 8 ಕೆ.ಜಿ. ಮೈಲುತುತ್ತ, 30 ಲೀಟರ್ ನೀರಿಗೆ 15 ಕೆ.ಜಿ. ಸುಣ್ಣ. ಅಂಬಲಿಯಂಥ ಆ ಮಿಶ್ರಣವನ್ನು ಸಣ್ಣ ಪೊರಕೆಯಿಂದ ಎಲೆಗೆ ಎರಚುತ್ತಿದ್ದರು. ಪಂಪಿಗೆ ಹಾಕುವಂಥದ್ದಲ್ಲ. ವರ್ಷ ಕಳೆದಂತೆ ಪ್ರಮಾಣ ಇಳಿಯುತ್ತ ಬಂದು ಈಗಿನ ಮಟ್ಟಕ್ಕೆ ನಿಂತಿದೆ. ಹಾಗಾಗಿ "ಈ ಸಲ ಮಳೆ ಜೋರು, ಸ್ವಲ್ಪ ಜಾಸ್ತಿ ಹಾಕೋಣ" ಅನ್ನುವುದರಿಂದ ಲಾಭವಿಲ್ಲ. ಲೇಪ ಎಲ್ಲ ಕಡೆ ತಾಗಿದೆಯೇ ಅನ್ನುವುದೇ ಮುಖ್ಯ.

ಸುಣ್ಣವೇ ಕೈಕೊಡುವುದು

ಲೆಕ್ಕದ ಪ್ರಕಾರ 1 ಕೆ.ಜಿ. ಮೈಲುತುತ್ತದ ಹುಳಿ ಮುರಿಯಲು ಶುದ್ಧ ಸುಟ್ಟ ಸುಣ್ಣ ಕಾಲು ಕೆ.ಜಿ.ಗಿಂತ ಕಡಿಮೆ ಸಾಕು. ಆದರೂ ಒಂದು ಕೆ.ಜಿ. ಹೇಳುವುದು ಯಾಕೆಂದರೆ ಅಂಗಡಿಯ ಸುಣ್ಣ ಶುದ್ಧವಾಗಿರುವುದಿಲ್ಲ, ಜೊತೆಗೆ ಉಳಿದ ಸುಣ್ಣ ಲೇಪವನ್ನು ಗಟ್ಟಿಯಾಗಿ ಹಿಡಿಸುತ್ತದೆ. ಸುಣ್ಣ ಗಾಳಿಗೆ ತೆರೆದುಕೊಂಡರೆ ಮೆಲ್ಲನೆ ಸೀಮೆಸುಣ್ಣವಾಗಿಬಿಡುತ್ತದೆ. ಕಳೆದ ವರ್ಷದ ಬಾಯಿ ಕಟ್ಟದ ಚೀಲದಲ್ಲಿರುವುದು ಹೆಸರಿಗೆ ಸುಣ್ಣ ಅಷ್ಟೇ.

ಪರೀಕ್ಷೆ ಸರಳ. ಒಂದು ಸುಟ್ಟ ಸುಣ್ಣದ ಕಲ್ಲಿಗೆ ಒಂದು ಲೋಟ ನೀರು ಹಾಕಿ. ತಾಜಾ ಆಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಸುಂಯ್ ಎಂದು ಬಿರಿದು, ಹಬೆಯೆದ್ದು, ಬಿಸಿಯಾಗಿ ಹೂವಿನ ಹಾಗೆ ಅರಳುತ್ತದೆ. ನೀರು ಕುಡಿದು ಸುಮ್ಮನೆ ಕೂತರೆ ಆ ಸುಣ್ಣ ತಿರುಗಿ ಕೊಡಿ. ಅರಳಿದ ಸುಣ್ಣದ ಪುಡಿ ಬಳಸುವುದಾದರೆ 1 ಕೆ.ಜಿ. ಸುಟ್ಟ ಸುಣ್ಣದ ಬದಲಿಗೆ ಸುಮಾರು 1.3 ಕೆ.ಜಿ. ಬೇಕು, ಚೀಲ ಹೊಸದಾಗಿರಬೇಕು.

ಬೆರೆಸುವುದು

ಹಿಂದಿನ ಸಂಜೆಯೇ ಮೈಲುತುತ್ತವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, 50 ಲೀಟರ್ ನೀರಿನ ಡ್ರಮ್ಮಿನ ಬಾಯಿಗೆ ಅಡ್ಡ ಕೋಲಿಟ್ಟು, ಗಂಟು ನೀರಿನಲ್ಲಿ ಮುಳುಗುವಷ್ಟಕ್ಕೆ ಮೇಲೆಯೇ ನೇತುಹಾಕಿ. ಕರಗಿದ ತುತ್ತ ನೀರಿಗಿಂತ ಭಾರ, ಗಂಟಿನಿಂದ ನೀಲಿ ಎಳೆಗಳು ತಳಕ್ಕೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಮೇಲಿನ ತಿಳಿನೀರು ಗಂಟಿಗೆ ತಾಗುತ್ತಲೇ ಇರುವುದರಿಂದ ಬೆಳಗಾಗುವಷ್ಟರಲ್ಲಿ ಎಲ್ಲ ಕರಗಿರುತ್ತದೆ. ಹರಳುಗಳನ್ನು ತಳಕ್ಕೆ ಸುರಿದರೆ ಸುತ್ತ ಗಟ್ಟಿ ದ್ರಾವಣ ಕಟ್ಟಿಕೊಂಡು ಕರಗುವುದೇ ಇಲ್ಲ.

ಸುಣ್ಣಕ್ಕೆ ಮೊದಲೇ 50 ಲೀಟರ್ ಸುರಿಯಬೇಡಿ. ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ, ಗಂಟಿಲ್ಲದ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ 50 ಲೀಟರಿಗೆ ತೆಳು ಮಾಡಿ ಸೋಸಿ. ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ, ಸುಣ್ಣ ಬಿದ್ದ ಕಣ್ಣು ಹೋಗುವ ಅಪಾಯ ಇದೆ. ಪೂರ್ತಿ ತಣ್ಣಗಾಗುವ ತನಕ ಕಾಯಿರಿ. ಬಿಸಿ ಇರುವಾಗಲೇ ಬೆರೆಸಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ.

ಈಗ ಮೂರನೆಯ ಡ್ರಮ್ಮಿಗೆ ಎರಡನ್ನೂ ಒಟ್ಟಿಗೆ, ಒಂದೇ ಧಾರೆಯಲ್ಲಿ ಸುರಿಯುತ್ತ ಇನ್ನೊಬ್ಬರು ಕಲಕಬೇಕು. ಆಳಿಲ್ಲದಿದ್ದರೆ ಸುಣ್ಣದ ಹಾಲನ್ನು ದೊಡ್ಡ ಡ್ರಮ್ಮಿಗೆ ಹಾಕಿಕೊಂಡು, ಅದಕ್ಕೆ ತುತ್ತದ ನೀರನ್ನು ನಿಧಾನವಾಗಿ ಹಾಕುತ್ತ ಕಲಕಿ. ತುತ್ತದ ನೀರಿಗೆ ಸುಣ್ಣ ಹಾಕಬೇಡಿ. ಹಾಗೆ ಮಾಡಿದರೆ ಮೊದಲರ್ಧದಲ್ಲಿ ಮಿಶ್ರಣ ಹುಳಿಯಾಗಿಯೇ ಇದ್ದು ಹಸಿರು ಛಾಯೆಯ ಒರಟು ಕಣ ಕಟ್ಟಿಕೊಳ್ಳುತ್ತದೆ, ಆಮೇಲೆ ಎಷ್ಟು ಸುಣ್ಣ ಹಾಕಿದರೂ ಅದು ನುಣುಪಾಗುವುದಿಲ್ಲ. ಸರಿಯಾದ ದ್ರಾವಣಕ್ಕೆ ತಿಳಿ ಆಕಾಶದ ಬಣ್ಣ ಇರುತ್ತದೆ. ಗಾಜಿನ ಲೋಟಕ್ಕೆ ಹಾಕಿಟ್ಟರೆ ಬಹಳ ಹೊತ್ತು ಮೋಡದ ಹಾಗೆ ತೇಲುತ್ತದೆ. ಐದು ನಿಮಿಷದಲ್ಲಿ ತಳದಲ್ಲಿ ಗಸಿ, ಮೇಲೆ ತಿಳಿ ಬೇರೆಯಾದರೆ ಕಣ ದಪ್ಪವಾಗಿದೆ ಎಂದು ತಿಳಿಯಿರಿ.

ಕೊನೆಗೆ ಕತ್ತಿಯ ಪರೀಕ್ಷೆ. ಇದನ್ನು ಬಿಟ್ಟು ಪಂಪು ತುಂಬಬಾರದು. ತುಕ್ಕಿಲ್ಲದಂತೆ ಉಜ್ಜಿದ ಕಬ್ಬಿಣದ ಕತ್ತಿಯನ್ನೋ ಕುಡುಗೋಲನ್ನೋ ಒಂದು ನಿಮಿಷ ಅದ್ದಿ ತೆಗೆಯಿರಿ. ಬಾಯಿ ಹೊಳಪಾಗಿಯೇ ಇದ್ದರೆ ಸರಿ. ತಾಮ್ರದ ಚೆಂಬಿನ ಹಾಗೆ ಕೆಂಪು ಹತ್ತಿದ್ದರೆ ಸುಣ್ಣದ ಜೊತೆ ಸೇರದ ತಾಮ್ರ ಇನ್ನೂ ಉಳಿದಿದೆ. ಅದು ಗೊನೆಯನ್ನೂ ಎಳೆ ಸಿಂಗಾರವನ್ನೂ (ಹೂಗೊಂಚಲು) ಸುಡುತ್ತದೆ. ಇನ್ನಷ್ಟು ಸುಣ್ಣದ ಹಾಲು ಹಾಕಿ, ಕಲಕಿ, ಕತ್ತಿ ಒರೆಸಿ ಮತ್ತೆ ಅದ್ದಿ. ಸ್ಟೀಲಿನ ಚಾಕು ಈ ಪರೀಕ್ಷೆಗೆ ಆಗುವುದಿಲ್ಲ, ಕಬ್ಬಿಣವೇ ಬೇಕು.

ಮಾಡಿದ್ದನ್ನು ಅಂದೇ ಮುಗಿಸಬೇಕು. ರಾತ್ರಿ ಕಳೆದರೆ ಕಣಗಳು ಹರಳುಗಟ್ಟಿ ಅಂಟುವ ಗುಣ ಹೋಗುತ್ತದೆ, ನೋಡಲು ನೀಲಿಯಾಗಿಯೇ ಇದ್ದರೂ ಮೊದಲ ಮಳೆಗೆ ತೊಳೆದುಹೋಗುತ್ತದೆ. ಎಷ್ಟು ಮರ ಆಗುತ್ತದೋ ಅಷ್ಟಕ್ಕೇ ಕಲಸಿ. ಬೇರೆ ಕೀಟನಾಶಕ ಬೆರೆಸಬೇಡಿ, ಸುಣ್ಣದ ಕ್ಷಾರಕ್ಕೆ ಹಲವು ಕೀಟನಾಶಕಗಳು ಒಡೆದುಹೋಗುತ್ತವೆ.

ಹೊಡೆಯುವ ಹೊತ್ತು

ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ. ಎರಡನೆಯದು 40–45 ದಿನ ಬಿಟ್ಟು. ಮಳೆ ಮುಂದುವರಿದರೆ ಮೂರನೆಯದು. ಮಲೆನಾಡಿನಷ್ಟು ಮಳೆ ನಮ್ಮಲ್ಲಿಲ್ಲ, ಕಂಡರೆ ಹೊಡೆಸೋಣ ಎಂದು ಚನ್ನಗಿರಿ ಕಡೆ ಹಲವರು ಕಾಯುತ್ತಾರೆ. ತೊಟ್ಟಿನ ಹತ್ತಿರ ಕಡುಹಸಿರು ನೀರ್ಗಲೆ ಕಂಡು, ಕಾಯಿ ಉದುರಿ, ಬಿದ್ದದ್ದರ ಮೇಲೆ ಬಿಳಿ ಬೂಷ್ಟು ಬೆಳೆದ ಮೇಲೆ ಹೊಡೆಸಿದರೆ ಉಳಿಯುವುದು ಇನ್ನೂ ರೋಗ ತಗಲದ ಗೊನೆ ಮಾತ್ರ. ಅದಕ್ಕೂ ಮೊದಲು ಉದುರಿದ್ದನ್ನು ಆರಿಸಿ, ರೋಗ ಹಿಡಿದ ಗೊನೆಯನ್ನು ಇಳಿಸಿ ತೋಟದಿಂದ ಹೊರಗೆ ಸಾಗಿಸಬೇಕು. ಇಲ್ಲದಿದ್ದರೆ ಮಳೆಹನಿಯ ಸಿಡಿತದಲ್ಲೇ ರೋಗ ಮೇಲೇರುತ್ತದೆ.

ಗೊನೆ ಒಣಗಿರುವಾಗ ಹೊಡೆಯಬೇಕು, ಹೊಡೆದ ಮೇಲೆ ಲೇಪ ಒಣಗಲು ಕೆಲವು ಗಂಟೆ ಬಿಸಿಲು ಅಥವಾ ಒಣ ಗಾಳಿ ಸಿಗಬೇಕು. ಕೆಳಗಿನಿಂದ ಒಂದೇ ಕಡೆ ಚಿಮ್ಮಿಸಿ ಮುಂದಿನ ಮರಕ್ಕೆ ಹೋದರೆ ಗೊನೆಯ ಬೆನ್ನು ಹಾಗೇ ಉಳಿಯುತ್ತದೆ. ದೋಟಿಯಲ್ಲಾಗಲಿ ಮರ ಹತ್ತಿಯಾಗಲಿ, ಎರಡೂ ಮಗ್ಗುಲಿಗೆ, ತೊಟ್ಟಿನ ಸಂದಿಗೆ ತಾಗಬೇಕು. ನಾಜಲ್ ಪದೇ ಪದೇ ಕಟ್ಟಿಕೊಂಡರೆ ಸೋಸಿದ್ದು ಸಾಲದು ಎಂದರ್ಥ.

ಭದ್ರಾ ನಾಲೆಯ ಕೆಳಗೆ ಗದ್ದೆಯನ್ನೇ ತೋಟ ಮಾಡಿದವರಿಗೆ ಇನ್ನೊಂದು ಮಾತು. ಬೋಕಾಯೂವಿನ ಬೆಣಚು ದಿಬ್ಬ ತಾನೇ ನೀರು ಬಸಿಯುತ್ತದೆ, ಗದ್ದೆಮಣ್ಣು ಹಾಗಲ್ಲ. ಎರಡೂವರೆಯಿಂದ ಮೂರು ಅಡಿ ಆಳದ ಬಸಿಗಾಲುವೆ ಇಲ್ಲದೆ ತೋಟದೊಳಗಿನ ತೇವ ಆರುವುದಿಲ್ಲ. ಅಂಥ ತೋಟದಲ್ಲಿ ಎಷ್ಟು ಒಳ್ಳೆಯ ದ್ರಾವಣಕ್ಕೂ ಕೆಲಸ ಕಷ್ಟ.

ಸುಳಿಕೊಳೆಗೆ ಮುಲಾಮು ಬೇಕಾದರೆ ಶೇಕಡಾ 10ರದ್ದು: 1 ಕೆ.ಜಿ. ತುತ್ತ 5 ಲೀಟರಿನಲ್ಲಿ, 1 ಕೆ.ಜಿ. ಸುಣ್ಣ 5 ಲೀಟರಿನಲ್ಲಿ. ಕೊಳೆತ ಭಾಗವನ್ನು ಆರೋಗ್ಯವಾದ ಭಾಗ ಸಿಗುವ ತನಕ ಕೆತ್ತಿ ಹಚ್ಚಬೇಕು. ಹಿರಿಯೂರು, ಹೊಸದುರ್ಗದ ದಾಳಿಂಬೆಯವರು ಸವರುವಿಕೆ ಆದ ಮೇಲೆ ಕಾಂಡಕ್ಕೆ ಹಚ್ಚುವುದೂ ಇದನ್ನೇ. ಎಳೆ ಚಿಗುರಿರುವ ದಾಳಿಂಬೆಗೆ ಸಿಂಪಡಿಸುವಾಗ ಮಾತ್ರ ಶೇಕಡಾ 1 ಬೇಡ, ಅರ್ಧಕ್ಕೆ ಇಳಿಸಿ.

ಮಣ್ಣಿನಲ್ಲಿ ಉಳಿಯುವ ತಾಮ್ರ

ಬೋರ್ಡೋ ಸೀಮೆಯ ಹಳೆಯ ದ್ರಾಕ್ಷಿ ತೋಟಗಳಿಂದ ಕಲಿಯಬೇಕಾದ ಎಚ್ಚರವೂ ಇದೆ. ತಾಮ್ರ ಕೊಳೆಯುವುದಿಲ್ಲ, ಎಲೆಯಿಂದ ತೊಳೆದದ್ದು ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಒಂದು ಶತಮಾನಕ್ಕೂ ಮಿಕ್ಕಿ ಸಿಂಪಡಿಸಿದ ಅಲ್ಲಿನ ಮಣ್ಣಿನಲ್ಲಿ ಅದು ಗುಡ್ಡೆಯಾಗಿದೆ, ಎರೆಹುಳುವಿಗೆ ಕೆಡುಕು ಮಾಡುತ್ತಿದೆ. ಅದಕ್ಕೇ ಯುರೋಪ್ ಒಕ್ಕೂಟ 2019ರಿಂದ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ. ತಾಮ್ರದ ಮಿತಿ ಹಾಕಿದೆ. ಎಕರೆಗೆ ವರ್ಷಕ್ಕೆ ಸರಾಸರಿ 1.6 ಕೆ.ಜಿ.

ನಮ್ಮ ಲೆಕ್ಕ ಹಾಕಿ ನೋಡಿ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ. ಮರಕ್ಕೆ 1 ಲೀಟರ್ ಅಂದುಕೊಂಡರೆ ಒಂದು ಸುತ್ತಿಗೆ 5.4 ಕೆ.ಜಿ. ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ, ಅಂದರೆ 1.35 ಕೆ.ಜಿ. ಎರಡು ಸುತ್ತಿಗೆ 2.7 ಕೆ.ಜಿ. ಅಲ್ಲಿನ ಮಿತಿಯನ್ನು ನಾವು ಎರಡನೇ ಸುತ್ತಿಗೇ ದಾಟಿರುತ್ತೇವೆ. ಹಾಗೆಂದು ಸಿಂಪಡಣೆ ಬಿಡುವಂತಿಲ್ಲ. ಮೊದಲ ಎರಡು ಸುತ್ತನ್ನು ಹೊತ್ತಿಗೆ ಸರಿಯಾಗಿ ಮುಗಿಸಿ, ಮೂರನೆಯದನ್ನು ಮಳೆ ನೋಡಿಯೇ ತೀರ್ಮಾನಿಸಬೇಕು. ಗೊನೆ ಬಿಟ್ಟು ಸೋಗೆಗೂ ಕಾಂಡಕ್ಕೂ ಸುರಿಸುವುದನ್ನು ನಿಲ್ಲಿಸಿದರೆ ಲೀಟರುಗಟ್ಟಲೆ ಉಳಿಯುತ್ತದೆ.

ಡ್ರಮ್ಮು, ಪಂಪು ತೊಳೆದ ನೀರನ್ನು ನಾಲೆಗಾಗಲಿ ಸೂಳೆಕೆರೆಗೆ ಹರಿಯುವ ಹಳ್ಳಕ್ಕಾಗಲಿ ಬಿಡಬೇಡಿ. ಮೀನಿಗೆ ತಾಮ್ರ ಬಲುಬೇಗ ವಿಷವಾಗುತ್ತದೆ. ತೊಳೆದ ನೀರನ್ನು ಮರುದಿನದ ಮಿಶ್ರಣಕ್ಕೇ ಬಳಸಿಕೊಳ್ಳಿ. ಪಂಪಿನೊಳಗೆ ಒಂದು ಸಲ ತಿಳಿನೀರು ಹಾಯಿಸಿ, ನಾಜಲ್ ಬಿಚ್ಚಿ ಒಣಗಿಸಿ. ಉಳಿದ ಸುಟ್ಟ ಸುಣ್ಣವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೀರು ತಾಗದ ಕಡೆ ಮುಚ್ಚಿಡಿ. ಎರಡನೇ ಸುತ್ತಿಗೆ ತೆಗೆದಾಗ ಮತ್ತೆ ಒಂದು ಕಲ್ಲಿಗೆ ನೀರು ಹಾಕಿ, ಅರಳುತ್ತದೆಯೇ ನೋಡಿಯೇ ತೂಕ ಮಾಡಿ.