ಥರ್ಮಾಮೀಟರ್ 97ಕ್ಕೇ ನಿಂತಾಗ

ನಾನು ಮೈಸೂರಿನಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ನೀರು ಕುದಿಸಿ ತೋರಿಸುತ್ತೇನೆ. ಪ್ರತಿ ವರ್ಷವೂ ಥರ್ಮಾಮೀಟರ್ 97ರ ಹತ್ತಿರ ಬಂದು ನಿಂತುಬಿಡುತ್ತದೆ. ಪುಸ್ತಕದಲ್ಲಿ 100 ಅಂತ ಇದೆ. "ಥರ್ಮಾಮೀಟರ್ ಸರಿಯಿಲ್ಲ, 100 ಅಂತಲೇ ಬರೆದುಕೊಳ್ಳಿ" ಎಂದು ಮೊದಲ ಕೆಲವು ವರ್ಷ ನಾನೇ ಹೇಳಿದ್ದೆ. ಮಕ್ಕಳು ಕಣ್ಣಾರೆ ಕಂಡಿದ್ದನ್ನು ಅಳಿಸಿ ಹಾಕಿಸಿದೆನಲ್ಲ ಎಂದು ಈಗಲೂ ಬೇಸರವಾಗುತ್ತದೆ.

ಒಬ್ಬಳು ಹುಡುಗಿ ಒಪ್ಪಲಿಲ್ಲ. "ಮಿಸ್, ಎಲ್ಲಾ ಥರ್ಮಾಮೀಟರೂ ಒಟ್ಟಿಗೇ ಕೆಟ್ಟಿರುತ್ತಾ?"

ಕೆಟ್ಟಿರಲಿಲ್ಲ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ನೀರಿನೊಳಗಿನ ಆವಿಗುಳ್ಳೆ ಆ ಒತ್ತಡವನ್ನು ಬೇಗ, ಅಂದರೆ 100 ಮುಟ್ಟುವ ಮೊದಲೇ, ಗೆದ್ದು ಮೇಲೆ ಬರುತ್ತದೆ.

ಇದನ್ನು ಸುಮ್ನೆ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಈಗ ನಾನು ದೀಪ ಹಚ್ಚುವ ಮೊದಲು ಒಂದು ಪ್ಲಾಸ್ಟಿಕ್ ಬಾಟಲಿ ತರುತ್ತೇನೆ. ಮೇಲೆ, ನಡುವೆ, ಕೆಳಗೆ ಮೂರು ತೂತು. ನೀರು ತುಂಬಿದರೆ ಕೆಳಗಿನ ತೂತಿನಿಂದ ಜೋರಾಗಿ ಚಿಮ್ಮುತ್ತದೆ. ಕನ್ನಂಬಾಡಿ ಕಟ್ಟೆ ಎಲ್ಲರೂ ನೋಡಿದವರೇ. ತುಂಬಿದಾಗ 124.80 ಅಡಿ ನೀರು ಅಂತ ಮಕ್ಕಳಿಗೆ ಬಾಯಿಪಾಠ. ಕಟ್ಟೆಯ ಬುಡ ಯಾಕೆ ಅಷ್ಟು ದಪ್ಪ ಅನ್ನುವುದು ಬಾಟಲಿ ನೋಡಿದ ಮೇಲೆ ಅವರೇ ಹೇಳುತ್ತಾರೆ. ಆಮೇಲೆ ನಾನು ಕೇಳುತ್ತೇನೆ: ಗಾಳಿಗೂ ಒಂದು ತಳ ಇದೆ ಅಲ್ವಾ? ಮಂಗಳೂರು ಆ ತಳದಲ್ಲಿದೆ. ನಾವು ಸ್ವಲ್ಪ ಮೇಲೆ.

ಒಂದು ಭಾನುವಾರ ಹತ್ತು ಮಕ್ಕಳ ಜೊತೆ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋದೆ. ಹಿಂದಿನ ದಿನ ಶಾಲೆಯಲ್ಲಿ ಬಳಸಿದ ಥರ್ಮಾಮೀಟರನ್ನೇ ಒಯ್ದಿದ್ದೆ. ಬೇರೆಯದಾದರೆ ಹೋಲಿಕೆಗೆ ಅರ್ಥವಿಲ್ಲ. ಟೀ ಅಂಗಡಿಯವರು ಸಕ್ಕರೆ ಹಾಕದ ಬರೀ ನೀರು ಕುದಿಸಿಕೊಟ್ಟರು. ಥರ್ಮಾಮೀಟರಿನ ಬುರುಡೆಯನ್ನು ಪಾತ್ರೆಯ ತಳಕ್ಕೆ ತಾಗದಂತೆ ಹಿಡಿಯಬೇಕು, ಇಲ್ಲದಿದ್ದರೆ ಜಾಸ್ತಿ ತೋರಿಸುತ್ತದೆ. ಪಾದರಸ 96 ದಾಟಿ ಸ್ವಲ್ಪ ಮೇಲೆ ನಿಂತಿತು. ಊರಿಗಿಂತ ಸುಮಾರು ಒಂದು ಡಿಗ್ರಿ ಕಡಿಮೆ. ಎತ್ತರ ಸುಮಾರು 300 ಮೀಟರ್ ಹೆಚ್ಚಾದರೆ ಇಷ್ಟೇ ಇಳಿಯಬೇಕು. ಮಕ್ಕಳು ಕುಣಿದಾಡಿದರು.

ಇಳಿಯುವಾಗ ನಂದಿಯ ಹತ್ತಿರ ಕೂತಾಗ ಒಬ್ಬ ಕೇಳಿದ: "ಮಿಸ್, ಹಾಗಾದ್ರೆ ಕುಕ್ಕರ್ ಒಳಗೆ ಎಷ್ಟಿರುತ್ತೆ?"

ಸುಮಾರು 120 ಎಂದೆ. ಯಾಕೆ ಅಂತ ಹೇಳಲಿಲ್ಲ. ಸೋಮವಾರ ಅವನೇ ಬೋರ್ಡಿನ ಮೇಲೆ ಬರೆದು ತೋರಿಸಿದ.